ಕುಲುಮೆಯ ಸಾಕ್ಷ್ಯ: ಭೋರ್ ಘಾಟಿನ ಕರಿಕಲ್ಲಿನಿಂದ ಜಕ್ಕೂರಿನ ಪುಡಿಯವರೆಗೆ

ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೊರಟವರು ಕರ್ಜತ್ ದಾಟಿದ ಮೇಲೆ ಕಿಟಕಿಯ ಕಡೆಗೆ ಮುಖ ತಿರುಗಿಸುವುದು ವಾಡಿಕೆ. ಮಳೆಗಾಲವಾದರೆ ಭೋರ್ ಘಾಟಿನ ಜಲಧಾರೆಗಳನ್ನು ನೋಡಲು ಎಲ್ಲರೂ ಕಾದು ಕುಳಿತಿರುತ್ತಾರೆ; ಬಂಡೆಯನ್ನು ನೋಡಲು ಕಾಯುವವರು ಕಡಿಮೆ. ಪಶ್ಚಿಮಘಟ್ಟದ ಈ ಭಾಗದಲ್ಲಿ ಹಳಿಗೋ ಹೆದ್ದಾರಿಗೋ ಗುಡ್ಡ ಕಡಿದಿರುವ ಕಡೆಗಳಲ್ಲಿ ಕರಿಕಲ್ಲಿನ ಎರಡು ದಪ್ಪ ಪದರಗಳ ನಡುವೆ ಇಟ್ಟಿಗೆಗೆಂಪಿನ ತೆಳುವಾದ ಪಟ್ಟಿಯೊಂದು ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ. ಕೆಳಗಿನ ಕರಿಪದರವು ಒಂದು ಕಾಲದ ಲಾವಾ ಹರಿವು. ಅದು ಆರಿ, ಗಾಳಿಮಳೆಗೆ ಮೈಯೊಡ್ಡಿ, ಮೇಲ್ಭಾಗ ಮಣ್ಣಾಗಿದ್ದಾಗ ಅದರ ಮೇಲೆ ಮತ್ತೊಂದು ಲಾವಾ ಹರಿದು ಬಂತು. ನಡುವಿನ ಕೆಂಪು ಪಟ್ಟಿ ಆ ಹಳೆಯ ಮಣ್ಣಿನದು. ಅದರ ಕೆಂಪಿನಲ್ಲಿ ಗಾಳಿಮಳೆಯ ಪಾಲೆಷ್ಟು, ಮೇಲೆ ಹರಿದ ಬೆಂಕಿಯ ಪಾಲೆಷ್ಟು ಎಂಬುದು ಭೂವಿಜ್ಞಾನಿಗಳಲ್ಲಿ ಚರ್ಚೆಯ ವಿಷಯವಾಗಿಯೇ ಇದೆ.

ಈ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಆ ರೈಲಿನ ಒಂದು ತುದಿಯಲ್ಲಿ ಕರಿಕಲ್ಲಿನೊಳಗಿನ ಆಕ್ಸೈಡ್ ಕಣಗಳನ್ನು ದಶಕಗಳ ಕಾಲ ಕಾಯಿಸಿ, ತಣಿಸಿ ಅಳೆದ ಮುಂಬಯಿಯ ಪ್ರಯೋಗಾಲಯವಿದೆ. ಇನ್ನೊಂದು ತುದಿಯಲ್ಲಿ, ಬೆಂಗಳೂರಿನ ಜಕ್ಕೂರಿನಲ್ಲಿ, 2006ರಲ್ಲಿ ಕಬ್ಬಿಣವೇ ಇಲ್ಲದ ಆಕ್ಸೈಡ್ ಪುಡಿಗಳಲ್ಲಿ ಕಾಂತತ್ವವನ್ನು ಕಂಡೆವೆಂದು ಹೇಳಿ ಲೋಕದ ಭೌತವಿಜ್ಞಾನಿಗಳನ್ನು ಜಗಳಕ್ಕೆ ಹಚ್ಚಿದ ಪ್ರಯೋಗಾಲಯವಿದೆ. ಎರಡೂ ಕಡೆ ಕೇಳಿದ್ದು ಒಂದೇ ಪ್ರಶ್ನೆ: ಕಣದ ಮೈ ಕೆಟ್ಟರೆ ಅದರ ಕಾಂತತ್ವ ಏನಾಗುತ್ತದೆ? ಎರಡೂ ಕಡೆ ಸಾಕ್ಷಿಗೆ ಕರೆದದ್ದು ಒಂದನ್ನೇ: ಕುಲುಮೆಯನ್ನು.

ಮೊದಲು ಕಬ್ಬಿಣದ ಆಕ್ಸೈಡುಗಳ ಮಾತು. ಕರಿಕಲ್ಲಿಗೆ, ಅಂದರೆ ಬಸಾಲ್ಟಿಗೆ, ಅಯಸ್ಕಾಂತವನ್ನು ಎಳೆಯುವ ಗುಣ ಬರುವುದು ಅದರಲ್ಲಿ ಚದುರಿರುವ ಮ್ಯಾಗ್ನೆಟೈಟಿನಿಂದ. ಅದರಲ್ಲಿ ಬಹುಮಟ್ಟಿಗೆ ಟೈಟೇನಿಯಂ ಬೆರೆತಿರುತ್ತದೆ. ಶುದ್ಧ ಮ್ಯಾಗ್ನೆಟೈಟ್ ಕಪ್ಪು. ಸುಮಾರು 580 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಅದರ ಕಾಂತತ್ವ ಉಳಿಯುತ್ತದೆ. ಈ ಕಣ ಗಾಳಿಯಲ್ಲಿ ನಿಧಾನವಾಗಿ ಆಮ್ಲಜನಕವನ್ನು ತೆಗೆದುಕೊಂಡರೆ ಮೈಯಿಂದ ಒಳಗಡೆಗೆ ಮ್ಯಾಗ್ಹೆಮೈಟ್ ಆಗುತ್ತ ಹೋಗುತ್ತದೆ. ಮ್ಯಾಗ್ಹೆಮೈಟಿನ ಹರಳಿನ ಚೌಕಟ್ಟು ಮ್ಯಾಗ್ನೆಟೈಟಿನದೇ. ಆದರೆ ಕಬ್ಬಿಣದ ಪರಮಾಣು ಕೂರಬೇಕಾದ ಕೆಲವು ಆಸನಗಳು ಖಾಲಿ. ಬಣ್ಣ ಕಂದು, ಕಾಂತತ್ವ ಸ್ವಲ್ಪ ಮಾತ್ರ ಕಡಿಮೆ. ಅದನ್ನೇ ಇನ್ನಷ್ಟು ಕಾಯಿಸಿದರೆ ಚೌಕಟ್ಟು ಕುಸಿದು ಹೆಮಟೈಟ್ ಆಗುತ್ತದೆ: ಬಣ್ಣ ಕೆಂಪು, ಕಾಂತತ್ವ ಮ್ಯಾಗ್ನೆಟೈಟಿನ ಇನ್ನೂರರಲ್ಲಿ ಒಂದು ಪಾಲಿನಷ್ಟು. ಅದೇ ಕಬ್ಬಿಣ, ಅದೇ ಆಮ್ಲಜನಕ. ಬೆಂಕಿಯೂ ಗಾಳಿಯೂ ಅವುಗಳನ್ನು ಹೇಗೆ ಕೂರಿಸಿದವು ಎಂಬುದಷ್ಟೇ ವ್ಯತ್ಯಾಸ.

ನಮ್ಮ ಪೀಳಿಗೆಯವರು ಈ ಮ್ಯಾಗ್ಹೆಮೈಟನ್ನು ಹೆಸರು ತಿಳಿಯದೆಯೇ ಮನೆಯಲ್ಲಿ ತುಂಬಿಟ್ಟುಕೊಂಡಿದ್ದರು. ಡೊಂಬಿವಲಿ, ಠಾಣೆಯ ಕನ್ನಡ ಮನೆಗಳ ಕಪಾಟುಗಳಲ್ಲಿ ಯಕ್ಷಗಾನದ, ದಾಸರ ಪದಗಳ ಕ್ಯಾಸೆಟ್ಟುಗಳಿದ್ದ ಕಾಲವದು. ಸಾಮಾನ್ಯ ಕ್ಯಾಸೆಟ್ಟಿನ ಕಂದು ರಿಬ್ಬನ್ನಿಗೆ ಬಳಿದಿರುತ್ತಿದ್ದುದು ಸೂಜಿಯಾಕಾರದ ಮ್ಯಾಗ್ಹೆಮೈಟ್ ಕಣಗಳನ್ನೇ. ಊರಿನ ಚೆಂಡೆಯ ದನಿಯನ್ನು ಹಿಡಿದಿಟ್ಟಿದ್ದು ಆಸನ ಖಾಲಿಯಿರುವ ಹರಳು. ಬಿಸಿಲಿನಲ್ಲಿ ಮರೆತ ಕ್ಯಾಸೆಟ್ ಕೆಟ್ಟರೆ ಅದು ಪ್ಲಾಸ್ಟಿಕ್ಕಿನ ತಪ್ಪು, ಆಕ್ಸೈಡಿನದಲ್ಲ ಎಂದು ಈಗಲಾದರೂ ಹೇಳಿಬಿಡಬೇಕು.

ಕಣ ಚಿಕ್ಕದಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಟ್ಟಿದ್ದು ನ್ಯಾನೊ ಎಂಬ ಪದ ಇಂದಿನ ಬಳಕೆಗೆ ಬರುವ ಮುನ್ನವೇ. ಅದು ಹುಟ್ಟಿದ್ದು ಕುಂಬಾರನ ಆವಿಗೆಯ ಸುತ್ತ ಎಂಬುದು ನಮಗೆ ಬಹಳ ಇಷ್ಟವಾದ ಸಂಗತಿ. ಫ್ರಾನ್ಸಿನ ಎಮಿಲ್ ತೆಲಿಯೆ ಸುಟ್ಟ ಇಟ್ಟಿಗೆ, ಮಡಕೆಗಳನ್ನು ಹಂತಹಂತವಾಗಿ ಮತ್ತೆ ಕಾಯಿಸಿ, ಅವು ಮೊದಲ ಬಾರಿ ಆವಿಗೆಯಲ್ಲಿ ತಣಿದಾಗ ಭೂಮಿಯ ಕಾಂತಕ್ಷೇತ್ರ ಹೇಗಿತ್ತೆಂದು ತಿಳಿಯಲು ಹವಣಿಸುತ್ತಿದ್ದರು. ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡಿನ ಕಣಗಳು ತಣಿಯುತ್ತ ಹೋದಂತೆ ಆಯಾ ಉಷ್ಣತೆಯಲ್ಲಿ ಒಂದೊಂದು ಗುಂಪಾಗಿ ಸ್ಥಿರಗೊಳ್ಳುತ್ತವೆ. ಮತ್ತೆ ಅದೇ ಉಷ್ಣತೆಗೆ ಕಾಯಿಸಿದಾಗ ಆ ಗುಂಪು ಮಾತ್ರ ನೆನಪನ್ನು ಬಿಟ್ಟುಕೊಡುತ್ತದೆ. ಹೀಗೇಕೆ ಎಂಬುದನ್ನು ವಿವರಿಸಿದವರು ಲೂಯಿ ನೀಲ್. ಅವರ 1949ರ ಲೇಖನದ ಶೀರ್ಷಿಕೆಯಲ್ಲೇ ಸೂಕ್ಷ್ಮಕಣಗಳೂ ಸುಟ್ಟಮಣ್ಣೂ ಒಟ್ಟಿಗೆ ಇವೆ. ಅದು ಅಚ್ಚಾದದ್ದು ಭೂಭೌತವಿಜ್ಞಾನದ ಪತ್ರಿಕೆಯಲ್ಲಿ. ಮುಂದೆ 1970ರಲ್ಲಿ ಅವರಿಗೆ ನೊಬೆಲ್ ಬಂತು.

ನೀಲ್ ಹೇಳಿದ್ದನ್ನು ಸರಳವಾಗಿ ಹೀಗೆ ಹೇಳಬಹುದು. ಪುಟ್ಟ ಕಣವೊಂದು ಇಡಿಯಾಗಿ ಒಂದೇ ಅಯಸ್ಕಾಂತವಾಗಿರುತ್ತದೆ. ಉಷ್ಣತೆಯ ಕುಲುಕಾಟ ಅದರ ದಿಕ್ಕನ್ನು ಬದಲಿಸಲು ಸದಾ ಯತ್ನಿಸುತ್ತಿರುತ್ತದೆ. ಅದನ್ನು ತಡೆಯುವ ಶಕ್ತಿ ಕಣದ ಗಾತ್ರವನ್ನು ಅವಲಂಬಿಸಿದೆ. ಆದರೆ ಈ ಅವಲಂಬನೆ ಸೌಮ್ಯವಾದುದಲ್ಲ. ಒಂದೆರಡು ನಿಮಿಷದಲ್ಲಿ ದಿಕ್ಕು ಮರೆತುಬಿಡುವ ಕಣದ ವ್ಯಾಸವನ್ನು ಇಮ್ಮಡಿ ಮಾಡಿದರೆ, ಗಾತ್ರ ಎಂಟು ಪಟ್ಟಾಗಿ, ಅದು ದಿಕ್ಕನ್ನು ನೆನಪಿಡುವ ಅವಧಿ ವಿಶ್ವದ ವಯಸ್ಸನ್ನೂ ಮೀರುತ್ತದೆ. ಮ್ಯಾಗ್ನೆಟೈಟಿನಲ್ಲಿ ಈ ಗಡಿ ಕೋಣೆಯ ಉಷ್ಣತೆಯಲ್ಲಿ ಸುಮಾರು 30 ನ್ಯಾನೊಮೀಟರಿನ ಆಸುಪಾಸಿನಲ್ಲಿದೆ. ಅದಕ್ಕಿಂತ ಚಿಕ್ಕವು ಅಯಸ್ಕಾಂತ ಬಳಿ ಬಂದಾಗ ಜೋರಾಗಿ ಸ್ಪಂದಿಸುತ್ತವೆ, ದೂರ ಸರಿದೊಡನೆ ಎಲ್ಲವನ್ನೂ ಮರೆಯುತ್ತವೆ. ಕಾಯಿಸುವುದೆಂದರೆ ಕಣಗಳನ್ನು ಬೆಸೆದು ಬೆಳೆಸುವುದೂ ಆದುದರಿಂದ, ಮರೆಯುವ ಪುಡಿಯನ್ನು ಕುಲುಮೆ ನೆನಪಿಡುವ ಪುಡಿಯನ್ನಾಗಿ ಮಾಡಬಲ್ಲದು.

ಈಗ ಮುಂಬಯಿಗೆ ಬರೋಣ. ಈ ನಗರಕ್ಕೂ ಕಾಂತಮಾಪನಕ್ಕೂ ಇರುವ ನಂಟು ಹಳೆಯದು. ಕೊಲಾಬಾದ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕಟ್ಟಿತು. ಅಲ್ಲಿ 1841ರಿಂದ ಭೂಕಾಂತತ್ವದ ಅಳತೆ ನಡೆದುಬಂತು. ಟ್ರಾಮುಗಳಿಗೆ ವಿದ್ಯುತ್ ಬರುತ್ತದೆಂದಾದಾಗ ಅದರ ಪ್ರವಾಹ ಸೂಜಿಗಳನ್ನು ಕೆಡಿಸುವುದೆಂಬ ಅಂಜಿಕೆಯಿಂದ, ಮೊದಲ ಭಾರತೀಯ ನಿರ್ದೇಶಕರಾದ ನಾನಾಭಾಯ್ ಮೂಸ್ ಅವರ ಕಾಲದಲ್ಲಿ, 1904ರಲ್ಲಿ ಉಪಕರಣಗಳು ಆಲಿಬಾಗಿಗೆ ಹೋದವು. ಎರಡು ವರ್ಷ ಎರಡೂ ಕಡೆ ಜೊತೆಜೊತೆಯಾಗಿ ಅಳೆದು, ಸರಣಿ ಕಡಿಯದಂತೆ ನೋಡಿಕೊಂಡರು. ಸುತ್ತಲಿನ ಕಬ್ಬಿಣ ಅಳತೆಯನ್ನು ಕೆಡಿಸುತ್ತದೆ ಎಂಬ ಎಚ್ಚರ ನೂರು ವರ್ಷ ಹಿಂದಿನ ಮುಂಬಯಿಗಿತ್ತು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಜಕ್ಕೂರಿನ ಕಥೆಯಲ್ಲಿ ಅದು ಮರಳಿ ಬರುತ್ತದೆ. ಆ ವೀಕ್ಷಣಾಲಯದ ಪರಂಪರೆಯ ಭಾರತೀಯ ಭೂಕಾಂತತ್ವ ಸಂಸ್ಥೆ ಇಂದು ನವಿ ಮುಂಬಯಿಯ ನ್ಯೂ ಪನ್ವೇಲಿನಲ್ಲಿದೆ.

ಆದರೆ ಕಲ್ಲಿನೊಳಗಿನ ಕಣಗಳ ಕಥೆ ಹೆಚ್ಚಾಗಿ ನಡೆದದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ. 1956ರಲ್ಲಿ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಎಂಬ ಮೂವರು ಭಾರತದ ಶಿಲೆಗಳ ಕಾಂತತ್ವದ ಬಗ್ಗೆ ಪ್ರಕಟಿಸಿದ ಲೇಖನ ಒಂದು ತಿರುವು. ದಖನ್ನಿನ ಲಾವಾ ಶಿಲೆಗಳು ಹಿಡಿದಿಟ್ಟುಕೊಂಡಿರುವ ಕಾಂತದಿಕ್ಕು ಇಂದಿನ ಮುಂಬಯಿಯ ಅಕ್ಷಾಂಶಕ್ಕೆ ಹೊಂದುವುದಿಲ್ಲ. ಅವು ಆರಿದ ಕಾಲದಲ್ಲಿ ಈ ನೆಲ ಸಮಭಾಜಕದ ದಕ್ಷಿಣಕ್ಕೆ ಬಹುದೂರದಲ್ಲಿತ್ತು ಎಂಬ ಅರ್ಥ ಅದರಿಂದ ಹೊರಡುತ್ತಿತ್ತು. ಖಂಡಗಳು ಚಲಿಸುತ್ತವೆ ಎಂಬ ಮಾತನ್ನು ಬಹುಮಂದಿ ಪಂಡಿತರು ಇನ್ನೂ ಒಪ್ಪದಿದ್ದ ದಿನಗಳವು. ಡಾಯ್ಚ್ ಅವರೊಡನೆ ಟಾಟಾ ಸಂಸ್ಥೆಯ ಸಿ. ರಾಧಾಕೃಷ್ಣಮೂರ್ತಿ, ಪಿ. ಡಬ್ಲ್ಯೂ. ಸಹಸ್ರಬುದ್ಧೆ ಸೇರಿ 1959ರಲ್ಲಿ ದಖನ್ ಶಿಲೆಗಳ ಪುರಾಕಾಂತತ್ವದ ಮೇಲೆ ಮತ್ತೊಂದು ಲೇಖನ ತಂದರು. ಸುಮಾರು 6.6 ಕೋಟಿ ವರ್ಷ ಹಿಂದಿನ ಈ ಲಾವಾ ಹಾಸು ಪಾರ್ಸಿಕ್ ಗುಡ್ಡದಿಂದ, ಕಲ್ಯಾಣದಾಚೆಯ ಮಲಂಗಗಡದಿಂದ ಹಿಡಿದು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳವರೆಗೂ ಚಾಚಿಕೊಂಡಿದೆ. ಗೋಳಗುಮ್ಮಟವನ್ನು ಕಟ್ಟಿದ್ದು ಈ ಕಲ್ಲಿನಿಂದಲೇ. ಉತ್ತರ ಕರ್ನಾಟಕದಿಂದ ಇಲ್ಲಿಗೆ ಬಂದು ನೆಲೆಸಿದವರು ಭಾಷೆಯ ಗಡಿ ದಾಟಿರಬಹುದು, ಕಲ್ಲಿನ ಗಡಿಯನ್ನು ದಾಟಿಲ್ಲ.

ಆ ದಿಕ್ಕನ್ನು ನಂಬಬಹುದೇ ಎಂಬುದು ಮುಂದಿನ ಪ್ರಶ್ನೆ. ನೆನಪು ಕಲ್ಲಿನದಲ್ಲ, ಅದರೊಳಗಿನ ಆಕ್ಸೈಡ್ ಕಣಗಳದು. ಕಣ ದೊಡ್ಡದಾದರೆ ಅದು ಹಲವು ವಲಯಗಳಾಗಿ ಒಡೆದು ನೆನಪಿನಲ್ಲಿ ದುರ್ಬಲವಾಗುತ್ತದೆ. ತೀರ ಚಿಕ್ಕದಾದರೆ ನೀಲ್ ಹೇಳಿದಂತೆ ಮರೆಯುತ್ತದೆ. ಮೈ ಆಕ್ಸಿಡೀಕರಣಗೊಂಡಿದ್ದರೆ ಹಿಡಿದಿರುವುದು ಲಾವಾ ಆರಿದ ಕಾಲದ ನೆನಪೋ, ಆಮೇಲೆ ಹವೆಗೆ ಕೆಟ್ಟ ಕಾಲದ ನೆನಪೋ ಹೇಳಲಾಗದು. ಒಂದು ಕಲ್ಲಿನಲ್ಲಿ ಯಾವ ಬಗೆಯ ಕಣಗಳಿವೆ ಎಂದು ಮೊದಲು ತಿಳಿಯಬೇಕು. ಲಿಖಿತೆ, ರಾಧಾಕೃಷ್ಣಮೂರ್ತಿ, ಸಹಸ್ರಬುದ್ಧೆ ಮೂವರೂ 1965ರಲ್ಲಿ ಖನಿಜ ಮತ್ತು ಶಿಲೆಗಳ ಹಿಸ್ಟರಿಸಿಸ್ ವಕ್ರರೇಖೆಯನ್ನು ಪರ್ಯಾಯ ವಿದ್ಯುತ್ತಿನಿಂದ ಬರೆಯಿಸುವ ಉಪಕರಣವೊಂದನ್ನು ರಚಿಸಿ ಅದರ ವಿವರಣೆ ಪ್ರಕಟಿಸಿದರು. ಅದರಿಂದ, ಮತ್ತು ಬೇರೆ ಬೇರೆ ಉಷ್ಣತೆಗಳಲ್ಲಿ ಕಲ್ಲು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆಯಿಂದ, ಬಸಾಲ್ಟುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುವ ಪದ್ಧತಿ ಬೆಳೆಯಿತು: ಬಹುವಲಯದವು, ಏಕವಲಯದವು, ಮರೆಯುವಷ್ಟು ಸೂಕ್ಷ್ಮವಾದವು, ಮತ್ತು ಕಬ್ಬಿಣದ ಆಸನಗಳು ಖಾಲಿಯಾದವು.

ಇಲ್ಲಿ ಒಂದು ಜಾಣತನವಿದೆ. ಕಲ್ಲನ್ನು ಕಾಯಿಸಿದರೆ ಅದು ಉತ್ತರವನ್ನೇನೋ ಕೊಡುತ್ತದೆ; ಆದರೆ ಕಾಯಿಸುವಾಗಲೇ ಕಣಗಳ ಮೈ ಮತ್ತಷ್ಟು ಆಕ್ಸಿಡೀಕರಣಗೊಂಡು, ಕೆಲವೊಮ್ಮೆ ಹೊಸ ಮ್ಯಾಗ್ನೆಟೈಟೇ ಹುಟ್ಟಿಕೊಂಡು, ಕಲ್ಲು ಬೇರೆಯದೇ ಕಲ್ಲಾಗಿಬಿಡುತ್ತದೆ. ಸಾಕ್ಷಿಯನ್ನು ವಿಚಾರಣೆಯೇ ಬದಲಿಸಿಬಿಡುವ ಪ್ರಸಂಗವಿದು. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಗೆ ತಣಿಸಿದರೆ ರಸಾಯನ ಕ್ರಿಯೆ ನಡೆಯದು, ಕಲ್ಲು ಇದ್ದಂತೆಯೇ ಇರುತ್ತದೆ. ಬಹುವಲಯದ ಶುದ್ಧ ಮ್ಯಾಗ್ನೆಟೈಟ್ ಆದರೆ ಸುಮಾರು ಮೈನಸ್ 150 ಡಿಗ್ರಿಯ ಬಳಿ ಅದರ ಸ್ಪಂದನ ಒಂದು ಶಿಖರವನ್ನೇರುತ್ತದೆ. ಆಸನ ಖಾಲಿಯಾದ ಕಣಗಳಲ್ಲಿ ಆ ಶಿಖರ ಕಾಣುವುದಿಲ್ಲ. ಮೊದಲು ತಣಿಸಿ ನೋಡಿ, ಕೊನೆಗೆ ಕಾಯಿಸಿ. ರಾಧಾಕೃಷ್ಣಮೂರ್ತಿಯವರ ದುಡಿಮೆಯ ಸಾರ 1993ರಲ್ಲಿ ಬಸಾಲ್ಟುಗಳ ಕಾಂತತ್ವವನ್ನು ಕುರಿತ ಸ್ಮರಣ ಗ್ರಂಥವಾಗಿ ಹೊರಬಂತು. ಪ್ರಕಟಿಸಿದ್ದು ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘ. ಮುಂಬಯಿಯ ಕಲ್ಲಿನ ಪುಸ್ತಕಕ್ಕೆ ಬೆಂಗಳೂರಿನ ಅಚ್ಚು.

ಕಣದ ಮೈಯೇ ಬೇರೆ, ಒಡಲೇ ಬೇರೆ ಎಂಬುದಕ್ಕೆ ನೇರ ಪುರಾವೆ ಸಿಕ್ಕಿದ್ದು 1971ರಲ್ಲಿ. ಮೈಕೆಲ್ ಕೋಯಿ ಎಂಬ ತರುಣ ವಿಜ್ಞಾನಿ ಆರು ನ್ಯಾನೊಮೀಟರಿನ ಆಸುಪಾಸಿನ ಮ್ಯಾಗ್ಹೆಮೈಟ್ ಕಣಗಳನ್ನು ಅತಿಶೀತದಲ್ಲಿ, ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ಪರೀಕ್ಷಿಸಿದರು. ಅಷ್ಟು ಬಲದ ಕ್ಷೇತ್ರದಲ್ಲಿ ಎಲ್ಲ ಪರಮಾಣುಗಳ ಸ್ಪಿನ್ನುಗಳೂ ಸಾಲಾಗಿ ನಿಲ್ಲಬೇಕಿತ್ತು. ಒಂದಷ್ಟು ನಿಲ್ಲಲಿಲ್ಲ, ಓರೆಯಾಗಿಯೇ ಉಳಿದವು. ಅವು ಮೈಮೇಲಿನವು ಎಂದು ಅವರು ವಾದಿಸಿದರು. ಒಳಗಿನ ಪರಮಾಣುವಿಗೆ ಸುತ್ತಲೂ ನೆರೆಹೊರೆಯಿದೆ. ಮೈಮೇಲಿನದಕ್ಕೆ ಒಂದು ಬದಿಯ ನೆರೆಯೇ ಇಲ್ಲ, ಹಾಗಾಗಿ ಅದಕ್ಕೆ ಯಾರ ಮಾತನ್ನು ಕೇಳಬೇಕೆಂದು ತಿಳಿಯದು. ಕಬ್ಬಿಣದ ಆಕ್ಸೈಡಿನಲ್ಲಿ ಮೈಯ ದೋಷ ಕಾಂತತ್ವವನ್ನು ಕಡಿಮೆ ಮಾಡುತ್ತದೆ, ಚೆನ್ನಾಗಿ ಕಾಯಿಸಿ ಹರಳನ್ನು ಬೆಳೆಸಿದರೆ ಅದು ಮರಳುತ್ತದೆ ಎಂಬುದು ಹೀಗೆ ಸ್ಥಾಪಿತವಾಯಿತು. ಜಕ್ಕೂರಿನಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ.

ಅದಕ್ಕೆ ಹಿನ್ನೆಲೆಯೊಂದಿದೆ. 2000ದಲ್ಲಿ ಡೀಟ್ಲ್ ಮತ್ತು ಸಂಗಡಿಗರು, ಸತುವಿನ ಆಕ್ಸೈಡಿಗೆ ಮ್ಯಾಂಗನೀಸ್ ಬೆರೆಸಿದರೆ ಕೋಣೆಯ ಉಷ್ಣತೆಯಲ್ಲೂ ಕಾಂತತ್ವ ತೋರುವ ಅರೆವಾಹಕ ಸಿಗಬಹುದೆಂದು ಸಿದ್ಧಾಂತ ಮಂಡಿಸಿದರು. ಮರುವರ್ಷ ಜಪಾನಿನಿಂದ ಕೋಬಾಲ್ಟ್ ಬೆರೆತ ಟೈಟೇನಿಯಂ ಆಕ್ಸೈಡಿನ ವರದಿ ಬಂತು. ಆಮೇಲೆ ವರದಿಗಳ ಪ್ರವಾಹ. ಕಂಪ್ಯೂಟರಿನ ನೆನಪು ಮತ್ತು ಲೆಕ್ಕಾಚಾರ ಎರಡನ್ನೂ ಒಂದೇ ವಸ್ತುವಿನಲ್ಲಿ ಮಾಡಬಹುದೆಂಬ ಆಸೆ ಎಲ್ಲರ ಕಣ್ಣೆದುರಿಗಿತ್ತು. ಆ ಪ್ರವಾಹದ ನಡುವೆ, 2005ರಲ್ಲಿ, ಸಿ. ಎನ್. ಆರ್. ರಾವ್ ಮತ್ತು ಎಫ್. ಎಲ್. ದೀಪಕ್ ಪ್ರಕಟಿಸಿದ ಲೇಖನದ ಶೀರ್ಷಿಕೆಯೇ ಮ್ಯಾಂಗನೀಸ್, ಕೋಬಾಲ್ಟ್ ಬೆರೆತ ಸತುವಿನ ಆಕ್ಸೈಡಿನಲ್ಲಿ ಫೆರೋಕಾಂತತ್ವ ಇಲ್ಲ ಎಂದು ಸಾರಿತು. ಎಲ್ಲರೂ ಕಂಡೆವೆನ್ನುವಾಗ ನಾವು ಕಾಣಲಿಲ್ಲ ಎನ್ನುವ ಲೇಖನಕ್ಕೆ ಚಪ್ಪಾಳೆ ಕಡಿಮೆ.

ಮರುವರ್ಷವೇ, 2006ರಲ್ಲಿ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಎ. ಸುಂದರೇಶನ್, ಆರ್. ಭಾರ್ಗವಿ, ಎನ್. ರಂಗರಾಜನ್, ಯು. ಸಿದ್ದೇಶ್ ಮತ್ತು ರಾವ್ ಅವರ ಲೇಖನ ಬಂತು. ಈ ಬಾರಿ ಮ್ಯಾಂಗನೀಸೂ ಇಲ್ಲ, ಕೋಬಾಲ್ಟೂ ಇಲ್ಲ. ಐದು ಬಿಳಿ, ಮಾಸಲು ಪುಡಿಗಳು: ಗಾಜು ಉಜ್ಜಿ ಹೊಳಪಿಸುವ ಸೀರಿಯಂ ಆಕ್ಸೈಡ್, ಮಾಣಿಕ್ಯದ ಮೂಲದ್ರವ್ಯವಾದ ಅಲ್ಯೂಮಿನಾ, ಮುಲಾಮುಗಳಲ್ಲಿ ಬೀಳುವ ಸತುವಿನ ಆಕ್ಸೈಡ್, ಮತ್ತೆ ಇಂಡಿಯಂ, ತವರಗಳ ಆಕ್ಸೈಡುಗಳು. ಇವುಗಳಲ್ಲಿ ಯಾವುದೂ ದೊಡ್ಡ ಗಾತ್ರದಲ್ಲಿ ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ. ನಿಜಕ್ಕಾದರೆ ತುಸು ದೂರವೇ ಸರಿಯುತ್ತವೆ. ಆದರೆ 7ರಿಂದ 30 ನ್ಯಾನೊಮೀಟರ್ ವ್ಯಾಸದ ಕಣಗಳಾಗಿದ್ದಾಗ ಐದೂ ಕೋಣೆಯ ಉಷ್ಣತೆಯಲ್ಲಿ ಹಿಸ್ಟರಿಸಿಸ್ ತೋರಿದವು. ಅವನ್ನೇ ಗಾಳಿಯಲ್ಲಿ ಅಥವಾ ಆಮ್ಲಜನಕದಲ್ಲಿ ಹೆಚ್ಚಿನ ಉಷ್ಣತೆಗೆ ಕಾಯಿಸಿ, ಕಣಗಳು ಬೆಸೆದುಕೊಳ್ಳುವಂತೆ ಮಾಡಿದಾಗ ಕಾಂತತ್ವ ಹೋಯಿತು. ಪುಡಿ ಅದೇ, ಧಾತುಗಳು ಅವೇ. ಹೋದದ್ದು ಮೈ ಮಾತ್ರ.

ಎಷ್ಟು ಮೈ ಎಂಬುದನ್ನು ನಾವೇ ಲೆಕ್ಕ ಹಾಕಿ ನೋಡಬಹುದು. 7 ನ್ಯಾನೊಮೀಟರ್ ವ್ಯಾಸದ ಗುಂಡು ಕಣದಲ್ಲಿ ಹೊರಗಿನ ಅರ್ಧ ನ್ಯಾನೊಮೀಟರ್ ದಪ್ಪದ ಸಿಪ್ಪೆಯನ್ನು ಮೈ ಎಂದುಕೊಂಡರೆ ಕಣದ ಗಾತ್ರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬರೀ ಮೈಯೇ. 30 ನ್ಯಾನೊಮೀಟರಿಗೆ ಬಂದರೆ ಹತ್ತರಲ್ಲೊಂದು ಪಾಲು. ಸಾವಿರ ನ್ಯಾನೊಮೀಟರಿನ ಕಣದಲ್ಲಿ ಅದು ನೂರರಲ್ಲಿ ಅರ್ಧ ಪಾಲೂ ಅಲ್ಲ. ಆ ಮೈಮೇಲೆ ಆಮ್ಲಜನಕದ ಕೆಲವು ಆಸನಗಳು ಖಾಲಿ ಇರುತ್ತವೆ. ಆಮ್ಲಜನಕ ಎದ್ದುಹೋದ ಕಡೆ ಅದು ಹಿಡಿದಿದ್ದ ಎರಡು ಎಲೆಕ್ಟ್ರಾನುಗಳು ಹಿಂದುಳಿಯುತ್ತವೆ. ಅವು ಅಲ್ಲೇ ಉಳಿಯಬಹುದು, ಇಲ್ಲವೇ ನೆರೆಯ ಸೀರಿಯಂ ಪರಮಾಣುವಿನಂಥವುಗಳಿಗೆ ಸೇರಿ ಅವಕ್ಕೆ ಒಂಟಿ ಸ್ಪಿನ್ ಕೊಡಬಹುದು. ಈ ಒಂಟಿ ಸ್ಪಿನ್ನುಗಳು ಪರಸ್ಪರ ಸಾಲುಗೂಡಿದ್ದರಿಂದ ಕಾಂತತ್ವ ಬಂದಿರಬೇಕೆಂದು ಜಕ್ಕೂರಿನ ಬಳಗ ಊಹಿಸಿತು. ಕುಲುಮೆಯ ಗಾಳಿ ಆ ಆಸನಗಳನ್ನು ಮತ್ತೆ ತುಂಬಿತು, ಬೆಸುಗೆ ಮೈಯನ್ನೇ ಇಲ್ಲವಾಗಿಸಿತು. ಟಾಟಾ ಸಂಸ್ಥೆಯ ಕಲ್ಲುಗಳಲ್ಲಿ ಖಾಲಿ ಇದ್ದದ್ದು ಕಬ್ಬಿಣದ ಆಸನ, ಇಲ್ಲಿ ಆಮ್ಲಜನಕದ್ದು. ಫೆರೋಕಾಂತತ್ವ ಲೋಹದ ಆಕ್ಸೈಡುಗಳ ನ್ಯಾನೊಕಣಗಳೆಲ್ಲಕ್ಕೂ ಸಾರ್ವತ್ರಿಕ ಗುಣವಿರಬಹುದು ಎಂಬ ಮಾತು ಲೇಖನದಲ್ಲಿತ್ತು. 2009ರ ಅವರ ವಿಮರ್ಶಾಲೇಖನದ ಹೊತ್ತಿಗೆ ಆಕ್ಸೈಡುಗಳಾಚೆಗೂ ಅದು ಚಾಚಿಕೊಂಡಿತ್ತು.

ನಮ್ಮಂಥ ಹೊರನಾಡಿನ ಬಳಗಗಳಿಗೆ ಇಲ್ಲಿ ನಿಂತುಬಿಡುವ ಚಟವಿದೆ. 2013ರಲ್ಲಿ ರಾವ್ ಅವರಿಗೆ ಭಾರತರತ್ನ ಘೋಷಣೆಯಾದಾಗ ನಾವೂ ಹೆಮ್ಮೆಪಟ್ಟೆವು. ಆದರೆ ಅವರ ಒಂದಾದರೂ ಲೇಖನವನ್ನು ಕನ್ನಡದಲ್ಲಿ ಬಿಡಿಸಿ ಹೇಳಿಕೊಂಡೆವೇ, ಅದಕ್ಕೆ ಬಂದ ಆಕ್ಷೇಪವನ್ನು ಕೇಳಿಸಿಕೊಂಡೆವೇ ಎಂದರೆ ಉತ್ತರ ಮುಜುಗರದ್ದು. ಶಾಲು ಹೊದಿಸುವುದಕ್ಕಿಂತ ಆಕ್ಷೇಪವನ್ನು ಓದುವುದು ದೊಡ್ಡ ಗೌರವವೆಂದು ನಮ್ಮ ನಂಬಿಕೆ. ಆದ್ದರಿಂದ ಅದನ್ನೂ ಹೇಳುತ್ತೇವೆ.

ಆಕ್ಷೇಪದ ಬೇರು ಅಳತೆಯ ಅಲ್ಪತೆಯಲ್ಲಿದೆ. ಇಂಥ ಪುಡಿಗಳಲ್ಲಿ ಸಿಗುವ ಕಾಂತತ್ವ ಗ್ರಾಂ ಒಂದಕ್ಕೆ ಒಂದು ಇ.ಎಂ.ಯು. ಮಾನದ ಸಾವಿರದಲ್ಲೊಂದು ಪಾಲಿನ ಆಸುಪಾಸಿನದು. ಶುದ್ಧ ಕಬ್ಬಿಣದ್ದು ಅದೇ ಮಾನದಲ್ಲಿ ಸುಮಾರು 218. ಅಂದರೆ ಪುಡಿಯ ಹತ್ತು ಲಕ್ಷ ಪಾಲಿನಲ್ಲಿ ಐದು ಪಾಲಿನಷ್ಟು ಕಬ್ಬಿಣ ಎಲ್ಲಿಂದಲೋ ನುಸುಳಿದ್ದರೆ ಸಾಕು, ಅದೇ ಅಂಕಿ ಬರುತ್ತದೆ. ಮ್ಯಾಗ್ನೆಟೈಟ್ ಆದರೆ ಹನ್ನೊಂದು ಪಾಲು. ಇದು ಬರೀ ತರ್ಕವಲ್ಲ. 2004ರಲ್ಲಿ ಡಬ್ಲಿನ್ನಿನಿಂದ ವೆಂಕಟೇಶನ್, ಫಿಟ್ಜೆರಾಲ್ಡ್ ಮತ್ತು ನಾವು ಆಗಲೇ ಕಂಡ ಕೋಯಿ, ಹಾಫ್ನಿಯಂ ಆಕ್ಸೈಡಿನ ತೆಳುಪೊರೆಯಲ್ಲಿ ಅನಿರೀಕ್ಷಿತ ಕಾಂತತ್ವ ಕಂಡಿತೆಂದು ವರದಿ ಮಾಡಿದ್ದರು. ಮರುವರ್ಷ ಅಮೆರಿಕದ ಐ.ಬಿ.ಎಂ. ಪ್ರಯೋಗಾಲಯದ ಏಬ್ರಹಾಂ, ಫ್ರಾಂಕ್, ಗುಹಾ ಅದೇ ವಸ್ತುವನ್ನು ಪರೀಕ್ಷಿಸಿ ಏನೂ ಕಾಣಲಿಲ್ಲವೆಂದರು. ಕಂಡದ್ದು ಮಾದರಿಯನ್ನು ಸ್ಟೇನ್‌ಲೆಸ್ ಸ್ಟೀಲಿನ ಚಿಮುಟದಿಂದ ಎತ್ತಿದಾಗ ಮಾತ್ರ. ಚಿಮುಟದ ತುದಿಯಿಂದ ಉದುರಿದ ಕಣ್ಣಿಗೆ ಕಾಣದ ಚೂರು ಹೊಸ ಭೌತವಿಜ್ಞಾನದ ವೇಷ ಹಾಕಬಲ್ಲದು. 2009ರಲ್ಲಿ ಸ್ಪೇನಿನ ಬಳಗವೊಂದು ನ್ಯಾನೊಮಾಪನದ ಕಾಂತತ್ವದಲ್ಲಿ ಆಗುವ ಪ್ರಯೋಗದೋಷಗಳನ್ನೇ ವಿಷಯವಾಗಿಸಿಕೊಂಡು ದೀರ್ಘ ಲೇಖನ ಬರೆಯಿತು. ವಿದ್ಯುತ್ ಟ್ರಾಮಿಗೆ ಅಂಜಿ ಆಲಿಬಾಗಿಗೆ ಹೋದ ಮೂಸ್ ಅವರಿಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು.

ಜಕ್ಕೂರಿನವರು ತಮ್ಮ ಪುಡಿಗಳಲ್ಲಿ ಕಾಂತೀಯ ಕಶ್ಮಲಗಳಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದಾರೆ, ಮತ್ತು ಕುಲುಮೆಯ ಸಾಕ್ಷ್ಯವನ್ನು ಮುಂದಿಟ್ಟಿದ್ದಾರೆ: ಕಶ್ಮಲವಾದರೆ ಕಾಯಿಸಿದ ಮೇಲೂ ಉಳಿಯಬೇಕಿತ್ತಲ್ಲ, ಹೋದದ್ದೇಕೆ? ಐದು ಬೇರೆ ಬೇರೆ ಪುಡಿಗಳಲ್ಲೂ ಹೀಗೇ ಆಯಿತೆಂಬುದು ಗಟ್ಟಿ ಮಾತು. ಆದರೆ ಓದುಗರು ಈ ಲೇಖನದ ಆರಂಭದಲ್ಲಿ ಕಂಡ ಕೆಂಪು ಬಣ್ಣವನ್ನು ನೆನೆಯಬೇಕು. ನುಸುಳಿದ್ದು ಕಬ್ಬಿಣದ ಚೂರೋ ಮ್ಯಾಗ್ನೆಟೈಟೋ ಆಗಿದ್ದು, ಅದನ್ನು ಗಾಳಿಯಲ್ಲಿ ಚೆನ್ನಾಗಿ ಕಾಯಿಸಿದರೆ ಅದು ಹೆಮಟೈಟ್ ಆಗಿ, ಕಾಂತತ್ವವನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಳ್ಳುತ್ತದೆ. ಇಲ್ಲವೇ ಸುತ್ತಲಿನ ಆಕ್ಸೈಡಿನೊಳಗೆ ಕರಗಿ ಚದುರಿಹೋಗುತ್ತದೆ. ಅಂದರೆ ಕಾಯಿಸಿದಾಗ ಹೋಯಿತು ಎಂಬುದು ಮೈಯ ದೋಷಕ್ಕೂ ಹೊಂದುತ್ತದೆ, ಕಶ್ಮಲಕ್ಕೂ ಹೊಂದುತ್ತದೆ. ಆಮ್ಲಜನಕವಿಲ್ಲದ ಕಡೆ ಕಾಯಿಸಿದಾಗ ಇಂಥ ಆಕ್ಸೈಡುಗಳ ಕಾಂತತ್ವ ಹೆಚ್ಚಿತೆಂಬ ವರದಿಗಳು ಬೇರೆ ಕಡೆಗಳಿಂದ ಬಂದಿವೆ. ಅಲ್ಲೂ ಇದೇ ಇಕ್ಕಟ್ಟು, ಏಕೆಂದರೆ ಆಮ್ಲಜನಕ ಕಳೆದುಕೊಂಡ ಹೆಮಟೈಟ್ ಮ್ಯಾಗ್ನೆಟೈಟಿಗೆ ಮರಳಬಲ್ಲದು. ಮುಂಬಯಿಯ ಶಿಲಾವಿಜ್ಞಾನಿಗಳು ಕಾಯಿಸುವುದನ್ನು ಕೊನೆಗೆ ಇಟ್ಟುಕೊಂಡದ್ದರ ಅರ್ಥ ಇಲ್ಲಿ ಇನ್ನಷ್ಟು ಹೊಳೆಯುತ್ತದೆ.

ನಮ್ಮ ಅಭಿಪ್ರಾಯ ಕೇಳಿದರೆ: 'ಸಾರ್ವತ್ರಿಕ' ಎಂಬ ಪದ 2006ರ ಸಾಕ್ಷ್ಯ ಹೊರಬಹುದಾದುದಕ್ಕಿಂತ ಭಾರವಾದುದು. ಆದರೆ ಒಂದೇ ಪುಡಿಯನ್ನು ಕಾಯಿಸುವ ಮುನ್ನ, ಕಾಯಿಸಿದ ಮೇಲೆ ಎಂದು ಎರಡು ಸಲ ಅಳೆದು ಅಕ್ಕಪಕ್ಕ ಇಟ್ಟದ್ದು ಸರಿಯಾದ ಪ್ರಶ್ನೆ. ಹಿಂದಿನ ವರ್ಷ 'ಇಲ್ಲ' ಎಂದವರೇ ಮುಂದಿನ ವರ್ಷ 'ಇದೆ, ಆದರೆ ಬೆರೆಸಿದ ಲೋಹದಲ್ಲಲ್ಲ, ಮೈಯಲ್ಲಿ' ಎಂದದ್ದರಲ್ಲಿ ವಿರೋಧವೂ ಇಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ಉಳಿದವರು ಕಂಡ ಕಾಂತತ್ವಕ್ಕೆ ಬೆರೆಸಿದ ಲೋಹ ಕಾರಣವಲ್ಲದಿರಬಹುದು ಎಂಬ ಎಚ್ಚರಿಕೆಯಿದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಕೋಯಿ ಮತ್ತು ಸಂಗಡಿಗರು ಸೀರಿಯಂ ಆಕ್ಸೈಡಿನ ನ್ಯಾನೊಪುಡಿಯನ್ನು ಮತ್ತೆ ಕೈಗೆತ್ತಿಕೊಂಡರು. ಈ ಬಾರಿ ಕುಲುಮೆಯ ಬದಲು ಬೇರೊಂದು ಉಪಾಯ: ಪುಡಿಗೆ ಕಾಂತತ್ವವಿಲ್ಲದ ಮತ್ತೊಂದು ನ್ಯಾನೊಪುಡಿಯನ್ನು ಬೆರೆಸಿ, ಸೀರಿಯಂ ಕಣಗಳನ್ನು ಒಂದರಿಂದೊಂದು ದೂರ ಸರಿಸಿದರು. ಕಾಂತತ್ವ ಮಾಯವಾಯಿತು. ನುಸುಳಿದ ಕಬ್ಬಿಣದ್ದಾದರೆ ಬೆರಕೆಯಿಂದ ಪ್ರಮಾಣ ತಗ್ಗಬೇಕಿತ್ತೇ ಹೊರತು ಹೋಗಬಾರದಿತ್ತು. ಹಾಗೆಂದು ಇದು ಸ್ಪಿನ್ನುಗಳು ಸಾಲುಗೂಡಿದ ಫೆರೋಕಾಂತತ್ವವೂ ಅಲ್ಲ, ಮೈಗಳು ಒತ್ತಾಗಿ ಸೇರಿದ ಗುಂಪು ಒಟ್ಟಾಗಿ ತೋರುವ ಬೇರೆಯೇ ಬಗೆಯ ಸ್ಪಂದನ ಎಂಬುದು ಅವರ ವಾದ. ನಲವತ್ತೈದು ವರ್ಷ ಹಿಂದೆ ಆರು ನ್ಯಾನೊಮೀಟರಿನ ಕಣದ ಮೈಯಲ್ಲಿ ಓರೆಯಾಗಿ ನಿಂತ ಸ್ಪಿನ್ನುಗಳನ್ನು ಕಂಡವರು, ಮತ್ತೆ ಮೈಯ ಮುಂದೆಯೇ ನಿಂತಿದ್ದರು.

ಬೆಂಗಳೂರಿನಿಂದ ಮರಳುವ ರೈಲು ಲೋಣಾವಳ ದಾಟಿ ಘಾಟಿ ಇಳಿಯುವಾಗ ಬೆಳಕಿದ್ದರೆ, ಕಡಿದ ಬಂಡೆಯಲ್ಲಿ ಕೆಂಪು ಪಟ್ಟಿಯನ್ನು ಹುಡುಕಿ ನೋಡಿ. ಅದರ ಮೇಲಂಚು, ಬೆಂಕಿ ತಾಗಿದ ಕಡೆ, ಕೆಳಭಾಗಕ್ಕಿಂತ ಕೆಂಪಾಗಿದೆಯೇ ಎಂಬುದನ್ನು ನಾವು ಇನ್ನೂ ಹತ್ತಿರ ಹೋಗಿ ನೋಡಿಲ್ಲ. ಈ ಮಳೆ ನಿಂತ ಮೇಲೆ ಹೋಗಬೇಕೆಂದಿದ್ದೇವೆ, ಕೈಯಲ್ಲೊಂದು ಅಯಸ್ಕಾಂತ ಹಿಡಿದು.